ನಾಲೆಯ ಈಚೆ ದಡದ ಸಂಜೆಮಲ್ಲಿಗೆ

ಮೊನ್ನೆ ಮದ್ದೂರಿನಲ್ಲಿ ಸ್ನೇಹಿತನೊಬ್ಬ ಊಟಕ್ಕೆ ಕರೆದಿದ್ದ. ಹೊತ್ತು ಮುಳುಗುವ ಸಮಯಕ್ಕೆ ಹೋದೆ. ಹಿತ್ತಲಲ್ಲಿ ಕುರ್ಚಿ ಹಾಕಿಸಿ, ಗಾಳಿಗೆ ಕೂತುಕೋ ಎಂದ. ಕೂತೆ. ಗಾಳಿಯ ಜೊತೆಗೆ ಸಂಜೆಮಲ್ಲಿಗೆಯ ವಾಸನೆ ಬಂತು. ಬಾವಿಕಟ್ಟೆಯ ಹಿಂದೆ ಎದೆಮಟ್ಟ ಬೆಳೆದು ನಿಂತಿದ್ದ ಗಿಡ, ಆಗಷ್ಟೇ ಹೂ ಬಿಚ್ಚುತ್ತಿತ್ತು. ನಾನು ಕುರ್ಚಿ ಎತ್ತಿಕೊಂಡು ಅಡಿಗೆಮನೆಗೆ ಹೋಗಿ ಒಲೆಯ ಹೊಗೆಯಲ್ಲಿ ಕೂತೆ. ಸ್ನೇಹಿತನ ಹೆಂಡತಿ ತನ್ನ ಅತ್ತೆಯ ಕಿವಿಯಲ್ಲಿ, "ಇವ್ರಿಗೆ ಅಸಿವು ಜಾಸ್ತಿ ಕಣತ್ತೆ, ಒಲೆತಾವ್ಕೇ ಬಂದು ಕುಂತವ್ರೆ" ಎಂದಳು. ನಾನು ಆ ಮಾತನ್ನು ಅವಳ ದನಿಯಲ್ಲೇ ಅವಳಿಗೆ ವಾಪಸ್ಸು ಕೊಟ್ಟೆ. ಮನೆಯವರೆಲ್ಲ ನಕ್ಕರು. ನಾನು ಯಾಕೆ ಎದ್ದು ಬಂದೆ ಎಂದು ಯಾರೂ ಕೇಳಲಿಲ್ಲ.

ನನ್ನ ಬದುಕೇ ಹೀಗೆ. ದೇವರು ನನಗೆ ಮುಖ ಕೊಡುವಾಗ ಕೈ ಬಿಗಿ ಹಿಡಿದು, ಗಂಟಲು ಕೊಡುವಾಗ ಮಾತ್ರ ಊರಿನವರದ್ದನ್ನೆಲ್ಲ ಸೇರಿಸಿ ಕೊಟ್ಟುಬಿಟ್ಟ. ಶ್ಯಾನುಭೋಗರ ಕೆಮ್ಮು, ಮೇಷ್ಟ್ರ ಗದರಿಕೆ, ಎಮ್ಮೆ ಕಳೆದುಕೊಂಡ ಮುದುಕಿಯ ಗೋಳು, ಯಾವುದು ಬೇಕಾದರೂ ಹೊರಡುತ್ತದೆ. ಹೊರಡದ್ದು ಒಂದೇ, ನನ್ನ ಸ್ವಂತ ದನಿ. ಪರೀಕ್ಷೆಯಲ್ಲಿ ಫೇಲಾದ ದಿನ ಅಪ್ಪನ ಮುಂದೆ ನಿಂತು ನಿಜವಾಗಿಯೇ ಅತ್ತೆ. ಅಪ್ಪ, "ಇದ್ಯಾರ್ದ್ಲಾ ಈ ದನಿ, ಚೆನ್ನಾಗದೆ" ಎಂದರು.

ಫೇಲಾದವನನ್ನು ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಇಟ್ಟುಕೊಂಡು ಏನು ಮಾಡುವುದೆಂದು ಮಂಡ್ಯದಲ್ಲಿದ್ದ ಅಕ್ಕನ ಮನೆಗೆ ಕಳಿಸಿದರು. ಆಗ ಮಂಡ್ಯಕ್ಕೆ ಹೊಸದಾಗಿ ಕಾವೇರಿ ನಾಲೆ ಬಂದಿತ್ತು. ರಾಗಿ ಹೊಲ ಗದ್ದೆಯಾಗಿತ್ತು, ಗದ್ದೆ ಕಬ್ಬಿನ ತೋಟವಾಗಿತ್ತು, ಕಬ್ಬು ಅರೆಯುವುದಕ್ಕೆ ಕಾರ್ಖಾನೆ ಎದ್ದಿತ್ತು. ಕಬ್ಬಿನ ಗಾಡಿಗಳನ್ನು ತೂಗುವ ಕಡೆ ನನಗೊಂದು ದಿನಗೂಲಿ ಕೆಲಸ ಸಿಕ್ಕಿತು. ಗಾಡಿಯವರನ್ನೂ ಎತ್ತುಗಳನ್ನೂ ಅಣಕಿಸಿಕೊಂಡು ಸುಖವಾಗಿದ್ದೆ.

ಅಕ್ಕನ ಮನೆ ಮಂಡ್ಯದ ಅಂಚಿನ ಗುತ್ತಲಿನಲ್ಲಿ, ತಗ್ಗಿನ ಕಡೆಗೆ ಇತ್ತು. ಮನೆಯಲ್ಲಿ ನಾಲ್ಕೇ ಜನ. ಅಕ್ಕ ನಿಂಗಮ್ಮ; ಮಿಡ್ಲ್ ಸ್ಕೂಲಿನ ಮೇಷ್ಟ್ರಾಗಿದ್ದ ಭಾವ; ಭಾವನ ತಾಯಿ, ನಾವೆಲ್ಲ ಅತ್ತೆಮ್ಮ ಎನ್ನುತ್ತಿದ್ದ ವಿಧವೆ; ಮತ್ತು ಜಗಲಿಯ ಮೇಲೆ ನಾನು. ನಾಲೆ ಬಂದ ಮೇಲೆ ಆ ಮನೆಯ ಹಿತ್ತಲು ಒಣಗಿದ್ದೇ ಇಲ್ಲ. ಎಲ್ಲಿಂದಲೋ ಒಸರಿದ ನೀರು ನೆಲದಡಿಯಲ್ಲೇ ಬಂದು ಸೇರಿ, ಕಾಲಿಟ್ಟರೆ ಪಚಕ್ಕೆಂದು ಉತ್ತರ ಕೊಡುತ್ತಿತ್ತು. ನೀರಿನ ಹಿಂದೆ ಸೊಳ್ಳೆ, ಸೊಳ್ಳೆಯ ಹಿಂದೆ ಚಳಿಜ್ವರ. ದಿನ ಬಿಟ್ಟು ದಿನ ಒಂದೇ ಹೊತ್ತಿಗೆ ಬರುವ ಜ್ವರ. ಕಬ್ಬು ತರುವವರು ತಕ್ಕಡಿಯ ಪಕ್ಕದಲ್ಲೇ ಕಂಬಳಿ ಹೊದ್ದು ನಡುಗುತ್ತ ಕೂರುತ್ತಿದ್ದರು. ಹೊತ್ತು ಹೋಗದಿದ್ದಾಗ ನಾನು ಆ ನಡುಕವನ್ನೂ ಮಾಡಿ ತೋರಿಸುತ್ತಿದ್ದೆ. ನಡುಗುವವರೂ ನಗುತ್ತಿದ್ದರು.

ಆಷಾಢದಲ್ಲಿ ಅಕ್ಕ ಬಸುರಿ ಎಂದು ಗೊತ್ತಾಯಿತು. ಅವತ್ತಿನಿಂದ ಭಾವನಿಗೆ ಬೀಜದ ಹುಚ್ಚು ಹಿಡಿಯಿತು.

ಭಾವ ಎಲ್ಲೋ ಓದಿದ್ದರಂತೆ. ಜವುಗು ನೆಲದಲ್ಲಿ ಗಟ್ಟಿಮುಟ್ಟಾದ ಗಿಡಗಳನ್ನು ಒತ್ತಾಗಿ ಬೆಳೆಸಿದರೆ ಅವು ನೆಲದ ಕೆಟ್ಟ ನೀರನ್ನೆಲ್ಲ ಕುಡಿದುಬಿಡುತ್ತವೆ. ಸಂಜೆ ಹೊತ್ತು ಘಮ ಬಿಡುವ ಹೂವಿದ್ದರೆ ಸೊಳ್ಳೆ ಹತ್ತಿರ ಸುಳಿಯುವುದಿಲ್ಲ. ಹಿತ್ತಲಲ್ಲಿ ನನ್ನನ್ನು ನಿಲ್ಲಿಸಿಕೊಂಡು, ಎದುರಿಗೆ ನಲವತ್ತು ಹುಡುಗರಿದ್ದಾರೇನೋ ಎಂಬಂತೆ ಪಾಠ ಮಾಡಿದರು.

"ಶಿವ, ಒಂದು ವರ್ಷಕ್ಕೆ ಸಾಯುವ ಗಿಡ ನಮಗೆ ಬೇಡ. ಕತ್ತರಿಸಿದರೂ ಚಿಗುರಬೇಕು, ತುಳಿದರೂ ಏಳಬೇಕು, ಸಿಕ್ಕ ಜಾಗಕ್ಕೆಲ್ಲ ತಾನೇ ಹಬ್ಬಬೇಕು. ಅಂಥ ಗಿಡ ಯಾವುದು?"

"ನಮ್ಮೂರಿನ ನೆಂಟರು, ಭಾವ."

ಭಾವ ನಗಲಿಲ್ಲ. ಮೇಷ್ಟ್ರುಗಳಿಗೆ ನಗು ಬೇಸಿಗೆ ರಜದಲ್ಲಿ ಮಾತ್ರ ಬರುತ್ತದೆ. ಪ್ರತಿ ಭಾನುವಾರ ಕೈಚೀಲ ಹಿಡಿದು ಹೊರಡುವರು. ಮದ್ದೂರಿನ ಮನೆಗಳ ಹಿಂದಿನಿಂದ ಸಂಜೆಮಲ್ಲಿಗೆಯ ಬೀಜ ಆರಿಸಿ ತಂದರು, ಕರಿಮೆಣಸಿನ ಕಾಳಿನಂಥವು. ಬಸರಾಳಿಗೆ ಹೋದಾಗ ದಾರಿಬದಿಯ ತಂಗಡಿಯಿಂದ ಒಣಕಾಯಿ ಕಿತ್ತು ತಂದರು. ಯಾರದೋ ಬೇಲಿಯಿಂದ ಶಂಖಪುಷ್ಪ, ಸ್ಮಶಾನದ ದಾರಿಯಿಂದ ಕಾಶಿಕಣಗಿಲೆ. ಅತ್ತೆಮ್ಮ ನೋಡಿ, "ಬಸುರಿ ಎಂಗ್ಸಿಗೆ ಜನ ಮಾವಿನ್ಕಾಯಿ ತತ್ತಾರೆ. ನನ್ ಮಗ ಸುಡುಗಾಡಿನ್ ಬೀಜ ತಂದವ್ನೆ" ಎಂದರು.

ಬೀಜಗಳಲ್ಲೂ ಮನುಷ್ಯರ ಹಾಗೆ ಜಾತಿಗೊಂದು ಗುಣವಿದೆ ಎಂದು ನಾನು ಕಲಿತದ್ದು ಆ ಮಳೆಗಾಲದಲ್ಲಿ. ತಂಗಡಿಯ ಬೀಜ ನನ್ನ ತಲೆಯ ಹಾಗೆ: ಕಲ್ಲಿನ ಮೇಲೆ ಉಜ್ಜಿ, ಬಿಸಿನೀರಿನಲ್ಲಿ ನೆನೆಸಿ, ಬೇಡಿಕೊಂಡ ಮೇಲೆ ಒಂದು ಬಿರುಕು. ಶಂಖಪುಷ್ಪದ್ದೂ ಹೆಚ್ಚುಕಡಿಮೆ ಅದೇ ಪಾಡು. ಕಾಶಿಕಣಗಿಲೆಯದ್ದು ಧೂಳಿನಂಥ ಬೀಜ. ಮರಳಲ್ಲಿ ಬೆರೆಸಿ ಎರಚಿ, ಬೆಳಕು ತಾಗದಂತೆ ಮೇಲೆ ತೆಳ್ಳಗೆ ಮಣ್ಣು ಉದುರಿಸಬೇಕು, ಇರುವೆ ಹೊತ್ತುಕೊಂಡು ಹೋಗದಂತೆ ಸುತ್ತ ಬೂದಿಯ ಗೆರೆ ಎಳೆಯಬೇಕು. ನಾವು ಗೆರೆ ಎಳೆದೆವು, ಮಳೆ ಬಂದು ಅಳಿಸಿತು, ಮತ್ತೆ ಎಳೆದೆವು. ಸಂಜೆಮಲ್ಲಿಗೆಗೆ ಮಾತ್ರ ಇಂಥ ಯಾವ ಉಪಚಾರವೂ ಬೇಡ. ಬೆರಳಲ್ಲಿ ನೆಲ ಚುಚ್ಚಿ ಒಂದು ಕಾಳು ಬಿಟ್ಟರೆ ಸಾಕು, ವಾರ ಕಳೆಯುವುದರೊಳಗೆ ಎರಡು ದಪ್ಪ ಎಲೆಯ ಕೈ ಮುಗಿದುಕೊಂಡು ಮೇಲೆ ಬರುತ್ತದೆ, ಸಾಲ ಕೇಳಲು ಬಂದವನ ವಿನಯದಲ್ಲಿ. ಆಮೇಲೆ ಹೋಗುವುದೇ ಇಲ್ಲ.

ಅಕ್ಕ ಹಿತ್ತಲ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತ ನಮ್ಮನ್ನು ನೋಡುತ್ತಿದ್ದಳು.

"ಅದೇನ್ ಅಂಗೆ ಬಗ್ಗಿ ಬಗ್ಗಿ ನೋಡ್ತೀರಿ ಇಬ್ರೂವೆ. ನೋಡಿದ್ರೆ ಬೇಗ ಉಟ್ತದಾ?"

"ನೋಡದಿದ್ದರೆ ಇರುವೆ ತಿನ್ನುತ್ತೆ," ಭಾವ ಹೇಳಿದರು.

"ಅಂಗಾರೆ ನನ್ನೂ ನೋಡ್ತಾ ಕುಂತ್ಕಳಿ," ಎಂದಳು ಅಕ್ಕ. ಭಾವನ ಕಿವಿ ಕೆಂಪಾಯಿತು. ನಾನು ಆ ಕಿವಿಯನ್ನು ಅಣಕಿಸಲು ನೋಡಿದೆ. ಕಿವಿಯನ್ನು ಮಾತ್ರ ಅಣಕಿಸಲು ಬರುವುದಿಲ್ಲ.

ಭಾದ್ರಪದದಲ್ಲಿ, ಗಿಡಗಳು ಮೊಳಕಾಲು ಮುಟ್ಟುವ ಹೊತ್ತಿಗೆ, ಅಕ್ಕನಿಗೆ ಜ್ವರ ಬಂತು. ಮೊದಲ ದಿನ ಮಧ್ಯಾಹ್ನ ಮನೆಯಲ್ಲಿದ್ದ ಕಂಬಳಿ, ಜಮಖಾನ, ಭಾವನ ಕೋಟು ಎಲ್ಲ ಹೊದಿಸಿದರೂ ಮಂಚ ಕಟಕಟ ಎನ್ನುತ್ತಿತ್ತು. ನಾನು ಕಾಲು ಅದುಮುತ್ತ ಕೂತಿದ್ದೆ. ಹಲ್ಲುಗಳ ನಡುವಿನಿಂದ ಅಕ್ಕ ನನಗೆ, "ನೀನು ಮಾಡಿ ತೋರ್ಸೋದು ಸರಿಯಾಗಿಲ್ಲ ಕಣ್ಲಾ. ನಡುಕ ಒಟ್ಟೆಯಿಂದ ಬತ್ತದೆ, ಎಗಲಿಂದಲ್ಲ. ನೋಡ್ಕೊ" ಎಂದಳು. ನಾನು ನೋಡಿಕೊಂಡೆ. ಮತ್ತೆಂದೂ ಅದನ್ನು ಮಾಡಲಿಲ್ಲ.

ಆಸ್ಪತ್ರೆಯಲ್ಲಿ ಕ್ವಿನೀನು ಕೊಟ್ಟರು. ಅದು ಬಸುರು ಇಳಿಸುತ್ತದೆ ಎಂದು ಕೇರಿಯೆಲ್ಲ ಹೇಳುತ್ತಿದ್ದುದರಿಂದ ಅತ್ತೆಮ್ಮ ಅದನ್ನು ತುಳಸಿಕಟ್ಟೆಯ ಹಿಂದೆ ಚೆಲ್ಲಿದರು. ಭಾವ ಕಂಡರು. ಬಿಂದಿಗೆ ತೆಗೆದುಕೊಂಡು ಶಂಖಪುಷ್ಪಕ್ಕೆ ನೀರು ಹಾಕಲು ಹೋದರು.

ಸುದ್ದಿ ತಿಳಿದು ಆಶ್ವೀಜದಲ್ಲಿ ನಮ್ಮವ್ವ ಗಾಡಿ ಕಟ್ಟಿಸಿಕೊಂಡು ಬಂದಳು. ನಮ್ಮೂರಿಗೆ ನಾಲೆ ಇಲ್ಲ, ಜ್ವರವೂ ಇಲ್ಲ. ಮಗಳನ್ನು ಈಗಲೇ ಕರೆದುಕೊಂಡು ಹೋಗಿ, ಬಾಣಂತನ ಮುಗಿಸಿ ಕಳಿಸುತ್ತೇನೆ ಎಂದಳು. ಗಾಡಿಗೆ ಹುಲ್ಲಿನ ಮೆತ್ತೆ ಹಾಸಿ ತಂದಿದ್ದಳು. ಅತ್ತೆಮ್ಮ ಊಟಕ್ಕೆ ಬಡಿಸಿ, ಎಲೆ ಎತ್ತಿದ ಮೇಲೆ, ಸಮಾಧಾನವಾಗಿ ಹೇಳಿದರು.

"ಕಳುಸ್ತಿದ್ದೆ ಕಣವ್ವ. ಆದ್ರೆ ನೀವು ಬಂದ ದಾರೀಲಿ ನಾಲೆ ಅದೆಯಲ್ಲ. ಬಸುರಿ ಒಳೆ ದಾಟ್ಬಾರ್ದು."

"ನಾಲೆ ಒಳೆನಾ?" ಎಂದಳು ಅವ್ವ.

"ನೀರು ಯಾವ್ದು? ಕಾವೇರಿ. ಕಾವೇರಿ ಒಳೆ ಅಲ್ವಾ?"

ಅತ್ತೆಮ್ಮ ಕೆಟ್ಟವರು ಎಂದು ಯಾರೂ ತಿಳಿಯಬಾರದು. ತಮ್ಮ ಮೊದಲ ಬಸುರಿನಲ್ಲಿ ಹರಿಗೋಲಿನಲ್ಲಿ ಕಾವೇರಿ ದಾಟಿ ತವರಿಗೆ ಹೋಗಿದ್ದರು. ಹುಟ್ಟಿದ ಮಗು ತೊಟ್ಟಿಲಿಗೆ ಬರಲಿಲ್ಲ. "ನಾನು ದಾಟಿ ಕಂಡಿವ್ನಿ. ಇವ್ಳು ಕಾಣೋದು ಬ್ಯಾಡ" ಎಂದರು. ಅವ್ವ ಬೇರೆ ದಾರಿಯ ಲೆಕ್ಕ ಹಾಕಿದಳು. ಮದ್ದೂರಿನ ಕಡೆಯಿಂದ ಸುತ್ತಿಕೊಂಡು ಹೋದರೂ ನಾಲೆಯ ಒಂದಲ್ಲ ಒಂದು ಕವಲು ಅಡ್ಡ ಬರುತ್ತಿತ್ತು. ನಾಲೆ ಮಾಡಿದವರು ಯಾರ ಗದ್ದೆಯನ್ನೂ ಬಿಟ್ಟಿರಲಿಲ್ಲ.

ಜೋಯಿಸರನ್ನು ಕರೆಸಿದರು. ಅವರು ಜಗಲಿಯ ಮೇಲೆ ಕೂತು, ನಶ್ಯ ಏರಿಸಿ, ಇಬ್ಬರು ತಾಯಂದಿರ ಮಾತನ್ನೂ ಕೇಳಿದರು.

"ನೋಡಮ್ಮ, ನಾಲೆ ಅನ್ನೋದು ಮನುಷ್ಯ ತೋಡಿದ್ದು. ಶಾಸ್ತ್ರ ಹುಟ್ಟಿದಾಗ ಅದು ಇರಲಿಲ್ಲ."

ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ಆದರೆ ಕಾವೇರಿ ಬಿಂದಿಗೇಲಿದ್ರೂ ಕಾವೇರೀನೇ."

ಅತ್ತೆಮ್ಮ ತಲೆಯಾಡಿಸಿದರು. ಜೋಯಿಸರು ಇಬ್ಬರ ಮುಖವನ್ನೂ ನೋಡಿ, ಮನೆ ಯಾರದು, ದಕ್ಷಿಣೆ ಯಾರದು ಎಂದು ಮನಸ್ಸಿನಲ್ಲೇ ತೂಗಿ, ತೀರ್ಪು ಕೊಟ್ಟರು. "ನೀರು ಹರಿಯೋವರೆಗೆ ಬೇಡ. ಸಂಕ್ರಾಂತಿ ಕಳೆದ ಮೇಲೆ ಹೇಗೂ ನಾಲೆ ನೀರು ನಿಲ್ಲಿಸ್ತಾರೆ. ನೀರು ನಿಂತ ಮೇಲೆ ಅದು ಒಣಹಳ್ಳ. ಆಗ ದೋಷ ಇಲ್ಲ."

"ಅಷ್ಟೊತ್ಗೆ ದಿನ ತುಂಬೋಗಿರ್ತವೆ," ಎಂದಳು ಅವ್ವ.

"ತುಂಬ್ಲಿ. ಇಲ್ಲೇ ಎರ್ಲಿ. ನಾನಿಲ್ವಾ?" ಎಂದರು ಅತ್ತೆಮ್ಮ.

ನನಗೆ ತಡೆಯಲಾಗಲಿಲ್ಲ. "ಬಿಂದಿಗೇಲಿದ್ರೂ ಕಾವೇರೀನೇ ಆದ್ರೆ, ನಮ್ಮ ಬಾವಿಗೂ ನಾಲೆ ನೀರೇ ಒಸರ್ತದೆ. ಅಕ್ಕ ಬಾವಿಗೂ ಬಚ್ಚಲಿಗೂ ಮಧ್ಯೆ ದಿನಾ ಕಾವೇರಿ ದಾಟ್ತಾವ್ಳೆ. ಅದಕ್ಕೇನು ಪರಿಹಾರ?" ಎಂದೆ. ಮನಸಾರೆ ಕೇಳಿದ ಪ್ರಶ್ನೆ. ಆದರೆ ಅಭ್ಯಾಸಬಲ, ಮಾತು ಜೋಯಿಸರ ಮೂಗಿನಿಂದಲೇ ಹೊರಟಿತು. ಒಳಗಡೆ ಕಂಬಳಿಯ ಕೆಳಗಿನಿಂದ ಅಕ್ಕ ಕಿಸಕ್ಕೆಂದಳು. ಜೋಯಿಸರು ಎದ್ದರು. ಅತ್ತೆಮ್ಮ, "ಲೇ ಕೋಡಂಗಿ, ಸಾಯೋ ಗಳಿಗೇಲೂ ನಿಂಗೆ ಆಟವೇಯಾ" ಎಂದರು. ಭಾವ ಕಂಬಕ್ಕೆ ಒರಗಿ ನಿಂತು ಉಗುರಿನ ಸಂದಿಯ ಮಣ್ಣು ತೆಗೆಯುತ್ತಿದ್ದರು.

ಅವ್ವ ಹುಲ್ಲಿನ ಮೆತ್ತೆಯ ಮೇಲೆ ತಾನೊಬ್ಬಳೇ ಕೂತು ವಾಪಸ್ಸು ಹೋದಳು.

ಅವತ್ತು ಸಂಜೆ ಭಾವನ ಹಿಂದೆ ಹಿತ್ತಲಿಗೆ ಹೋದೆ. "ನೀವೊಂದು ಮಾತು ಅತ್ತೆಮ್ಮಂಗೆ ಹೇಳಿ ಭಾವ. ನಿಮ್ಮ ಮಾತು ಕೇಳ್ತಾರೆ" ಎಂದೆ.

ಭಾವ ಸಂಜೆಮಲ್ಲಿಗೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. "ಈ ಕಾಳು ನೋಡು. ಹೂ ಬಿಟ್ಟಿದ್ದು ಮೊನ್ನೆ, ಆಗಲೇ ಬೀಜ ಕಟ್ಟಿದೆ. ಬೇಲಿ ಕಡೆ ಇನ್ನೊಂದು ಸಾಲು ಹಾಕಿದರೆ ಕಾರ್ತಿಕಕ್ಕೆ ಎದ್ದುನಿಲ್ಲುತ್ತೆ."

"ಭಾವ, ನಾನು ಕೇಳಿದ್ದು—"

"ಕೇಳಿಸ್ತು," ಎಂದರು. ಬೆರಳಿನಿಂದ ನೆಲ ಚುಚ್ಚಿದರು. ಕಾಳು ಬಿಟ್ಟರು. ಮುಚ್ಚಿದರು. ಇನ್ನೊಂದು ಗೇಣು ಸರಿದು ಮತ್ತೆ ಚುಚ್ಚಿದರು. ಹೆಡ್‌ಮಾಸ್ಟರಿಗೆ ಎದುರಾಡಿ ಬಂದವರು ಎಂದು ಸ್ಕೂಲಿನಲ್ಲಿ ಹೆಸರಿದ್ದ ಮನುಷ್ಯ. ತಾಯಿಯ ಮುಂದೆ ನಿಂತರೆ ಅವರ ನಾಲಿಗೆ ತಂಗಡಿ ಬೀಜ. ಯಾವ ಬಿಸಿನೀರಿಗೂ ಬಿಡದು. ನಾನು ಪಕ್ಕದಲ್ಲಿ ಕೂತು ಕಾಳು ಕೊಡುತ್ತ ಹೋದೆ. ಬೇರೇನು ಕೊಡಲಿ?

ಆ ವರ್ಷ ಗಿಡ ಬಂದ ಹಾಗೆ ಮಂಡ್ಯ ಸೀಮೆಯಲ್ಲಿ ಕಬ್ಬೂ ಬರಲಿಲ್ಲ. ಕೆಂಪು, ಹಳದಿ, ಒಂದೇ ಹೂವಿನಲ್ಲಿ ಎರಡು ಬಣ್ಣ, ಸಂಜೆಮಲ್ಲಿಗೆ ಬೇಲಿಗೂ ಬಚ್ಚಲಿಗೂ ನಡುವೆ ಗೋಡೆ ಕಟ್ಟಿತು. ಶಂಖಪುಷ್ಪ ಬೇಲಿ ಹತ್ತಿ ಮುಗಿಸಿ ಸೂರು ಹತ್ತಿತು. ಕಾಶಿಕಣಗಿಲೆ ಕಲ್ಲುಚಪ್ಪಡಿಯ ಸಂದಿಯಲ್ಲೂ ಎದ್ದಿತು. ತಂಗಡಿ ಮಾತ್ರ ಒದ್ದೆ ನೆಲ ಒಗ್ಗದೆ ಬುಡ ಕೊಳೆತು ಸತ್ತಿತು. ಅದೊಂದಕ್ಕೇ ಆ ಹಿತ್ತಲಿನ ಗುಣ ಗೊತ್ತಾಗಿತ್ತೆಂದು ಕಾಣುತ್ತದೆ. ಜ್ವರ ಬಿಟ್ಟ ದಿನಗಳಲ್ಲಿ ಅಕ್ಕ ಸಂಜೆ ಹೊರಗೆ ಬಂದು ಕೂತು ಮಡಿಲ ತುಂಬ ಹೂ ಬಿಡಿಸುತ್ತಿದ್ದಳು. ಸಂಜೆಮಲ್ಲಿಗೆಯ ಹೂವಿನ ಉದ್ದ ಕೊಳವೆಗಳನ್ನೇ ಒಂದರೊಳಗೊಂದು ಹೆಣೆದು ದಾರವಿಲ್ಲದೆ ಮಾಲೆ ಮಾಡುವುದು ಅವಳಿಗೆ ಬರುತ್ತಿತ್ತು. ಮುಖ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಭಾವ ಅವಳ ಪಕ್ಕದಲ್ಲಿ ನಿಂತು, "ಘಮ ನೋಡು, ಒಂದು ಸೊಳ್ಳೆ ಇದೆಯಾ?" ಎನ್ನುವರು. ಅಕ್ಕ ಮೊಣಕೈ ಕೆರೆದುಕೊಳ್ಳುತ್ತ, "ಇಲ್ಲ ಕಣೇಳಿ" ಎನ್ನುವಳು.

ಕಾರ್ತಿಕದಲ್ಲಿ ಆರೋಗ್ಯದ ಇನ್ಸ್‌ಪೆಕ್ಟರು ಬಂದರು. ಸೈಕಲ್ಲಿನ ಮೇಲೆ ಓಡಾಡಿ ಗುಂಡಿಗಳಿಗೆ ಎಣ್ಣೆ ಬಿಡಿಸುತ್ತಿದ್ದ, ಟೋಪಿ ಹಾಕಿದ ಸಣಕಲು ಮನುಷ್ಯ. ಹಿತ್ತಲು ನೋಡಿ ಅಲ್ಲೇ ನಿಂತರು.

"ಹೂವು ಬಹಳ ಸೊಗಸಾಗಿ ಬೆಳೆಸಿದ್ದೀರಿ ಮೇಷ್ಟ್ರೇ."

"ಎಲ್ಲ ಬೀಜದಿಂದಲೇ," ಎಂದರು ಭಾವ, ಎಷ್ಟೋ ದಿನದ ಮೇಲೆ ಮುಖ ಅರಳಿಸಿ.

ಇನ್ಸ್‌ಪೆಕ್ಟರು ಟೋಪಿ ತೆಗೆದು ಸಂಜೆಮಲ್ಲಿಗೆಯ ಹಿಂಡಿಲಿನ ಕೆಳಗೆ ಒಂದು ಸಲ ಬೀಸಿದರು. ಎಲೆಯ ಅಡಿಯಿಂದ ಹೊಗೆಯ ಹಾಗೆ ಸೊಳ್ಳೆ ಎದ್ದವು. ಎದ್ದು, ನಮ್ಮ ಮುಖದ ಸುತ್ತ ಒಂದು ಸುತ್ತು ಬಂದು, ಮತ್ತೆ ತಂಪಿಗೆ ಇಳಿದವು.

"ಹಗಲು ಹೊತ್ತು ಅವಕ್ಕೆ ನೆರಳು ಬೇಕು, ತೇವ ಬೇಕು. ನೀವು ಛತ್ರ ಕಟ್ಟಿಸಿಕೊಟ್ಟಿದ್ದೀರಿ. ದಿನಾ ನೀರೂ ಹಾಕ್ತೀರೇನೋ."

ದಿನಾ ಹಾಕುತ್ತಿದ್ದರು. ಭಾವ ಟೋಪಿಯನ್ನೇ ನೋಡುತ್ತ ನಿಂತರು. ಇನ್ಸ್‌ಪೆಕ್ಟರು ಒಳ್ಳೆಯವರು, ಮೆತ್ತಗೆ, "ಮನೇಲಿ ಬಸುರಿ ಇದ್ದಾರಂತೆ. ಸಾಧ್ಯವಾದರೆ ಬೇರೆ ಊರಿಗೆ ಕಳಿಸಿ" ಎಂದು ಹೇಳಿ ಸೈಕಲ್ಲು ಹತ್ತಿದರು. ಕಳಿಸುವುದೆಲ್ಲಿ? ಅವರು ಹೋದ ದಾರಿಯ ಕೊನೆಯಲ್ಲೇ ನಾಲೆ ಇತ್ತು.

ಮಧ್ಯಾಹ್ನ ಸ್ಕೂಲಿಗೆ ಹೋಗಲಿಲ್ಲ ಭಾವ. ಪಂಚೆ ಮೇಲೆ ಕಟ್ಟಿ ಕುಡುಗೋಲು ಹಿಡಿದು ತಮ್ಮ ತೋಟವನ್ನು ತಾವೇ ಸವರಿದರು. ನಾನೂ ಸವರಿದೆ. ಅಕ್ಕ ಬಾಗಿಲಲ್ಲಿ ಕೂತು, "ಆ ಅಳದಿದೊಂದು ಬುಡ್ರೀ" ಎಂದಳು. ಭಾವ ಬಿಡಲಿಲ್ಲ. ಕೊಯ್ದದ್ದನ್ನು ರಾಶಿ ಹಾಕಿದಾಗ ಹಸಿ ಕಾಂಡದ ವಾಸನೆ, ಅರಳದ ಮೊಗ್ಗಿನ ವಾಸನೆ. ನನಗೆ ಈಗಲೂ ಬೇಡವಾದದ್ದು ಆ ಎರಡೂ ಕೂಡಿದ ವಾಸನೆ.

ಒಂದು ಮಳೆ ಬಿತ್ತು. ಹತ್ತು ದಿನದಲ್ಲಿ ಎಲ್ಲ ವಾಪಸ್ಸು. ಒಂದು ಕಾಂಡವಿದ್ದ ಕಡೆ ನಾಲ್ಕು. ಅಗೆದು ನೋಡಿದೆವು. ಸಂಜೆಮಲ್ಲಿಗೆ ನೆಲದೊಳಗೆ ಗೆಣಸಿನಂಥ ಕಪ್ಪು ಗೆಡ್ಡೆ ಇಳಿಸಿತ್ತು. ತುಂಡು ಉಳಿದರೆ ತುಂಡಿನಿಂದ ಚಿಗುರು, ತುಂಡೂ ಉಳಿಯದಿದ್ದರೆ ಉದುರಿದ ಬೀಜದಿಂದ ಮೊಳಕೆ. ಕತ್ತರಿಸಿದರೂ ಚಿಗುರಬೇಕು, ತುಳಿದರೂ ಏಳಬೇಕು. ಭಾವನ ಪಾಠವನ್ನು ಅಷ್ಟು ಚೆನ್ನಾಗಿ ಕಲಿತ ವಿದ್ಯಾರ್ಥಿ ಅವರಿಗೆ ಬೇರೆ ಸಿಕ್ಕಿರಲಾರ.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಹೇಗೂ ನೀರು ನಿಂತರೆ ದೋಷವಿಲ್ಲ ಎಂದು ಜೋಯಿಸರೇ ಹೇಳಿದ್ದಾರೆ. ಸಂಕ್ರಾಂತಿಯವರೆಗೆ ಯಾಕೆ ಕಾಯಬೇಕು? ನಾಲೆಯ ಓವರ್‌ಸೀಯರು ತೂಕದ ಕಡೆ ದಿನಾ ಬರುತ್ತಿದ್ದರು. ಮಾತಿಗೆ ಮುಂಚೆ ಎರಡು ಕೆಮ್ಮು, ಮಾತೆಲ್ಲ ಮೂಗಿನಲ್ಲಿ. ಎತ್ತುಗಳ ಮುಂದೆ ನಾನು ಅವರನ್ನು ಎಷ್ಟೋ ಸಲ ಮಾಡಿದ್ದೆ. ಅತ್ತೆಮ್ಮನಿಗೆ, ನಾಳೆ ಸೇತುವೆ ರಿಪೇರಿಗೆ ಒಂದು ಹೊತ್ತು ನೀರು ನಿಲ್ಲಿಸುತ್ತಾರಂತೆ ಎಂದೆ. ಅತ್ತೆಮ್ಮ ಬಹಳ ಹೊತ್ತು ಯೋಚಿಸಿದರು.

"ನಿಜವಾಗ್ಲೂ ನಿಲ್ತದೇನ್ಲಾ?"

"ನಿಲ್ತದೆ ಅತ್ತೆಮ್ಮ."

"ನಿಂತ್ರೆ ಓಗ್ಲಿ. ನಂಗೇನು ಮನ್ಸಿಲ್ವಾ? ನಾನೇನ್ ರಾಕ್ಸಿನಾ?" ಎಂದರು. ಎದ್ದು ಹೋಗಿ ಅಕ್ಕನ ಸೀರೆಗಳನ್ನು ತಾವೇ ಗಂಟು ಕಟ್ಟಿದರು. ಗಾಡಿಯ ಮಾದಪ್ಪನಿಗೆ ಹೇಳಿ ಬಂದೆ. ಅಕ್ಕನಿಗೆ ಅವತ್ತು ಜ್ವರ ಬಂದು ಹೋಗಿತ್ತು. ಮಾರನೆಯ ದಿನ ಬಿಡುವು.

ಬೆಳಗಿನ ಮಂಜಿನಲ್ಲಿ ನಾಲೆಯ ಏರಿಯ ಮೇಲೆ ಹೋಗಿ ನಿಂತೆ. ನೀರು ಬಿಟ್ಟು ಕಟ್ಟುವ ನೀರುಗಂಟಿ ತೂಬಿನ ಪಕ್ಕದ ಗುಡಿಸಲಲ್ಲಿ ಮುಸುಕು ಹಾಕಿ ಮಲಗಿದ್ದ. ಎರಡು ಸಲ ಕೆಮ್ಮಿದೆ.

"ಯಾರಯ್ಯಾ ಅಲ್ಲಿ. ಈ ಕವಲಿನ ಹಲಗೆ ಇಳಿಸು. ಸೇತುವೆ ಕಾಲು ನೋಡಬೇಕು."

"ಇಳುಸ್ದೆ ಬುದ್ದಿ," ಎಂದು ಮುಸುಕಿನೊಳಗಿನಿಂದ ಬಂತು. ಇಳಿಸಿದ. ಮೇಲಕ್ಕೆ ನೋಡುವ ಧೈರ್ಯ ಅವನಿಗೂ ಇರಲಿಲ್ಲ, ನಿಲ್ಲುವ ಧೈರ್ಯ ನನಗೂ ಇರಲಿಲ್ಲ. ನನ್ನ ಜೀವಮಾನದ ಅತ್ಯುತ್ತಮ ಅನುಕರಣೆ ಅದು. ಚಪ್ಪಾಳೆ ಹೊಡೆಯಲು ಕೊಕ್ಕರೆಗಳು ಬಿಟ್ಟರೆ ಯಾರೂ ಇರಲಿಲ್ಲ.

ಸೇತುವೆಯ ಹತ್ತಿರ ಬಂದು ಕಾದೆ. ನೀರು ನಿಧಾನವಾಗಿ ಇಳಿಯಿತು. ಇಳಿದು ನೋಡಿದೆ, ತೊಡೆಮಟ್ಟ ಇದ್ದದ್ದು ಮೊಣಕಾಲಿಗೆ, ಮೊಣಕಾಲಿನಿಂದ ಹಿಮ್ಮಡಿಗೆ. ಕೊನೆಗೆ ಕೆಸರು, ಕೆಸರಲ್ಲಿ ಒದ್ದಾಡುವ ಮೀನು. ಮೀನಿಗೆ ಕೇರಿಯ ಹುಡುಗರು ಬಂದರು. ನಾನು ಮನೆಗೆ ಓಡಿದೆ.

ಗಾಡಿ ಬಾಗಿಲಲ್ಲಿತ್ತು. ಎತ್ತು ಕಟ್ಟಿರಲಿಲ್ಲ. ಮಾದಪ್ಪ ನೊಗದ ಮೇಲೆ ಕೂತು ಬೀಡಿ ಸೇದುತ್ತಿದ್ದ. ಒಳಗೆ ಮಂಚ ಕಟಕಟ ಎನ್ನುತ್ತಿತ್ತು. ಆ ಜ್ವರಕ್ಕೂ ಒಂದು ಪಂಚಾಂಗವಿತ್ತು, ಒಂದು ದಿನವೂ ತಪ್ಪಿರಲಿಲ್ಲ. ಅವತ್ತು ತಪ್ಪಿತು. ಬಿಡುವಿನ ದಿನವೇ ಬಂದು, ಹಿಂದೆಂದೂ ಇಲ್ಲದಷ್ಟು ಜೋರಾಗಿ ಬಂದು, ಅಕ್ಕನಿಗೆ ನನ್ನ ಗುರುತೂ ಸಿಗಲಿಲ್ಲ. ಅತ್ತೆಮ್ಮ ಅವಳ ಪಾದ ಹಿಡಿದು ಕೂತಿದ್ದರು. "ನಿಂತದೇನ್ಲಾ ನೀರು?" ಎಂದು ಕೇಳಿದರು.

"ನಿಂತದೆ."

"ಸ್ವಲ್ಪ ತಡೀಲಿ ಅಂತ ಏಳು. ಇವ್ಳು ಏಳ್ಲಿ."

ಯಾರಿಗೆ ಹೇಳಲಿ? ಭಾವ ಅಕ್ಕನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಬಟ್ಟೆ ಹಿಂಡಲು ಎದ್ದಾಗೊಮ್ಮೆ ಬಾಗಿಲವರೆಗೆ ಹೋಗಿ ಬಿಸಿಲು ನೋಡಿ ಬರುವರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಕೆಳಗದ್ದೆಯವರು ದೊಣ್ಣೆ ಹಿಡಿದು ತೂಬಿಗೆ ಬಂದಿದ್ದರಂತೆ. ನಿಜವಾದ ಓವರ್‌ಸೀಯರೂ ಬಂದು ನಾನು ಹೇಳೇ ಇಲ್ಲ ಎಂದರಂತೆ. ನೀರುಗಂಟಿ ತಾನು ಕಿವಿಯಾರೆ ಕೇಳಿದೆ ಎಂದು ಮಾದೇಶ್ವರನ ಮೇಲೆ ಆಣೆ ಇಟ್ಟನಂತೆ. ಹಲಗೆ ಎತ್ತಿದರು. ಸಂಜೆ ಅಕ್ಕ ಬೆವತು ಕಣ್ಣು ಬಿಟ್ಟಾಗ ನಾಲೆ ಮೊದಲಿನ ಹಾಗೆ ಹರಿಯುತ್ತಿತ್ತು. ಇನ್ನೊಮ್ಮೆ ಅದೇ ಆಟ ಆಡಲು ಹೋದೆ. ತೂಬಿಗೆ ಬೀಗ ಬಿದ್ದಿತ್ತು.

ಮಾರ್ಗಶಿರದಲ್ಲಿ, ಎಂಟು ತುಂಬುವ ಮುಂಚೆ, ಒಂದು ಬೆಳಿಗ್ಗೆ ಜ್ವರದ ಜೊತೆಯಲ್ಲೇ ನೋವು ಬಂತು. ಸೂಲಗಿತ್ತಿ ಬರುವಷ್ಟರಲ್ಲಿ ಮುಗಿದಿತ್ತು. ಗಂಡುಮಗು. ಅಳಲಿಲ್ಲ. ನಾವು ಹೊರಗೆ ಕೂತು ಅದು ಅಳುವುದನ್ನೇ ಕಾಯುತ್ತಿದ್ದೆವು. ಅತ್ತೆಮ್ಮ ಬಾಗಿಲಿಗೆ ಬಂದು ಮಗನ ಮುಖ ನೋಡಿ, "ದಾಟಿಸ್ನಿಲ್ವಲ್ಲೋ ಮಗ. ನಾನು ದಾಟಿಸ್ನೇ ಇಲ್ವಲ್ಲೋ" ಎಂದರು. ದಾಟದೆ ಇದ್ದರೂ ಯಾಕೆ ಹೀಗಾಯಿತು ಎಂಬುದು ಅವರಿಗೆ ತಿಳಿಯದಾಗಿತ್ತು.

ಅಂಥ ಮಕ್ಕಳನ್ನು ಹಿತ್ತಲಲ್ಲೇ ಇಡುವುದು ಅವರ ಮನೆಯ ವಾಡಿಕೆ. ಭಾವ ಹಾರೆ ತೆಗೆದುಕೊಂಡರು. ಬೇಲಿಯ ಮೂಲೆಯಲ್ಲಿ ಅಗೆದರು, ಗೆಡ್ಡೆ ಬಂತು. ಸ್ವಲ್ಪ ಸರಿದು ಅಗೆದರು, ಅಲ್ಲೂ ಗೆಡ್ಡೆ. ಬಚ್ಚಲ ಹಿಂದೆ, ಕಲ್ಲಿನ ಪಕ್ಕ, ಎಲ್ಲಿ ಹಾರೆ ಹಾಕಿದರೂ ಕಪ್ಪು ಗೆಡ್ಡೆ ಸೀಳಿ ಒಳಗಿನ ಬಿಳುಪು ಕಾಣುತ್ತಿತ್ತು. ಅಷ್ಟು ಸಣ್ಣ ಕೂಸಿಗೆ ಬೇಕಾಗುವಷ್ಟು ಬರಿಯ ಮಣ್ಣು ಆ ಹಿತ್ತಲಲ್ಲಿ ಉಳಿದಿರಲಿಲ್ಲ. ನಾನು ಹೋಗಿ ಹಾರೆ ಇಸಿದುಕೊಂಡೆ. ಕೈಯಿಂದ ಒಂದೊಂದೇ ಗೆಡ್ಡೆ ಬಿಡಿಸಿ ಎತ್ತಿ ಜಾಗ ಮಾಡಿದೆವು. ಭಾವ ಪಾಠ ಮಾಡಲಿಲ್ಲ, ನಾನು ಯಾರಾಗಿಯೂ ಮಾತಾಡಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಅತ್ತೆಮ್ಮನೇ ಹೇಳಿದರು. "ಈಗೇನು ಅಡ್ಡಿ ಇಲ್ಲ. ಅವ್ರವ್ವನ್ ತಾವ್ಕೆ ಕರ್ಕೊಂಡೋಗಿ ಬುಡಿ." ಬಸುರಿಯಲ್ಲದವಳು ಎಷ್ಟು ಹೊಳೆ ಬೇಕಾದರೂ ದಾಟಬಹುದು. ಸಂಕ್ರಾಂತಿ ಇನ್ನೂ ದೂರವಿತ್ತು, ನಾಲೆ ತುಂಬಿ ಹರಿಯುತ್ತಿತ್ತು.

ಮಾದಪ್ಪ ಗಾಡಿ ಹೂಡಿದ. ಅಕ್ಕ ದುಪ್ಪಟಿ ಹೊದ್ದು ಮೆತ್ತೆಯ ಮೇಲೆ ಒರಗಿದ್ದಳು. ನಾನು ಹಿಂದೆ ಕೂತೆ. ಭಾವ ಗಾಡಿ ಹತ್ತದೆ ಎತ್ತಿನ ಪಕ್ಕದಲ್ಲಿ ನಡೆದು ಬಂದರು. ಕಬ್ಬಿನ ತೋಟಗಳ ನಡುವೆ ಗಾಡಿ ಸಾಗಿತು. ಸೇತುವೆ ಬಂತು. ನೀರಿನ ಸದ್ದಿಗೆ ಎತ್ತು ಬೆದರಿ ನಿಂತಿತು. ಮದುವೆಯಾಗಿ ಬಂದಾಗ ಆ ದಾರಿಯಲ್ಲಿ ನಾಲೆ ಇರಲಿಲ್ಲ. ಆಮೇಲೆ ಅಕ್ಕ ಆ ಕಡೆ ಬಂದೇ ಇರಲಿಲ್ಲ. ಮುಸುಕು ಸರಿಸಿ, ಗಾಡಿಯ ಪಕ್ಕದಿಂದ ಕತ್ತು ಚಾಚಿ ಕೆಳಗೆ ನೋಡಿದಳು.

"ಇದೇನಾ?" ಎಂದಳು.

"ಹೂಂ ಕಣಕ್ಕ."

ಆ ದಡ ನೋಡಿದಳು, ಈ ದಡ ನೋಡಿದಳು.

"ಇಷ್ಟೇನಾ?"

ಮಾದಪ್ಪನಿಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ. "ಇನ್ನೆಷ್ಟಿರ್ಬೇಕವ್ವ. ಕವಲು ಕಣೇಳಿ ಇದು. ನಮ್ ಕರ ಎಗರ್ಕೊಂಡು ಓಯ್ತದೆ" ಎಂದ.

ಅಕ್ಕ ಭಾವನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ಗೊತ್ತಿಲ್ಲದ್ದನ್ನು ಮೇಷ್ಟ್ರ ಹತ್ತಿರ ಕೇಳುವ ಹುಡುಗಿಯ ಹಾಗೆ ಕಾದಳು. ಭಾವ ಎತ್ತಿನ ಮೂಗುದಾರ ಹಿಡಿದು ನೀರನ್ನೇ ನೋಡುತ್ತಿದ್ದರು.

"ಆಳ ಇದೆ," ಎಂದರು.

ಆಮೇಲೆ ಎತ್ತನ್ನು ಎಳೆದರು.